ತಂತಿ ನುಂಗಿದ ಶಕ್ತಿ: ಅಳತೆಯನ್ನು ನಂಬುವ ಮುನ್ನ

ತುಂಗಭದ್ರಾ ಕೆಳಮಟ್ಟದ ಕಾಲುವೆಯನ್ನು ನೆಚ್ಚಿಕೊಂಡ ಕೌತಾಳಂ–ಆದೋನಿ ಸೀಮೆಯ ರೈತರಿಗೆ ಒಂದು ಮಾತನ್ನು ಯಾರೂ ಕಲಿಸಬೇಕಾಗಿಲ್ಲ. ಜಲಾಶಯದಲ್ಲಿ ಬಿಟ್ಟ ನೀರಿನ ಲೆಕ್ಕ ಒಂದು, ಕೊನೆಯ ತೂಬಿಗೆ ಬಂದು ಮುಟ್ಟಿದ ನೀರಿನ ಲೆಕ್ಕ ಇನ್ನೊಂದು. ನಡುವೆ ನೆಲ ಹೀರಿದ್ದು, ಬಿಸಿಲು ಕುಡಿದದ್ದು, ದಡ ಒಡೆದು ಹರಿದುಹೋದದ್ದು ಕಾಗದದ ಮೇಲೆ ಕಾಣುವುದಿಲ್ಲ. ಒಣಗಿದ ಪೈರಿನಲ್ಲಿ ಕಾಣುತ್ತದೆ. ರೇಡಿಯೊ ಯಂತ್ರದಿಂದ ಮಾಳಿಗೆಯ ಮೇಲಿನ ಆಂಟೆನಾಕ್ಕೆ ಹೋಗುವ ಕೋಯಾಕ್ಸಿಯಲ್ ಕೇಬಲಿನ ಕಥೆಯೂ ಇದೇ. ಯಂತ್ರ ಹೊರಡಿಸಿದ ಶಕ್ತಿಯೆಲ್ಲವೂ ಆಂಟೆನಾವನ್ನು ತಲುಪುವುದಿಲ್ಲ. ಎಷ್ಟು ತಲುಪುತ್ತದೆ ಎಂಬುದನ್ನು ಅಳೆದೇ ತಿಳಿಯಬೇಕು. ಆದರೆ ಆ ಅಳತೆಯೇ ತಪ್ಪಿದಾಗ ಏನು ಮಾಡಬೇಕು ಎಂಬುದು ಈ ವಾರದ ವಿಚಾರ.

ಇದು ಹವ್ಯಾಸಿಗಳ ಕೋಣೆಗಷ್ಟೇ ಸಂಬಂಧಿಸಿದ ವಿಷಯವಲ್ಲ. 2009ರ ಅಕ್ಟೋಬರ್ ಆರಂಭದಲ್ಲಿ ತುಂಗಭದ್ರೆ ಉಕ್ಕಿದಾಗ ಮಂತ್ರಾಲಯ ಜಲಾವೃತವಾದದ್ದನ್ನೂ ಕರ್ನೂಲು ನಗರದೊಳಕ್ಕೆ ನೀರು ನುಗ್ಗಿದ್ದನ್ನೂ ಈ ಭಾಗದ ಹಿರಿಯರು ಮರೆತಿಲ್ಲ. ಅಂಥ ಹೊತ್ತಿನಲ್ಲಿ ಮೊದಲು ವಿದ್ಯುತ್ತು ಹೋಗುತ್ತದೆ, ಬಳಿಕ ದೂರವಾಣಿ ಮೌನವಾಗುತ್ತದೆ. ಆಗ ಒಂದು ಬ್ಯಾಟರಿ, ಒಂದು ಸಣ್ಣ ಯಂತ್ರ, ಒಂದು ಆಂಟೆನಾ ಇದ್ದವರು ಊರಿನ ಸುದ್ದಿಯನ್ನು ಹೊರಗೆ ಮುಟ್ಟಿಸಬಲ್ಲರು. 2004ರ ಡಿಸೆಂಬರಿನಲ್ಲಿ ಸುನಾಮಿ ಅಪ್ಪಳಿಸಿದಾಗ ಹವ್ಯಾಸಿ ರೇಡಿಯೊ ತಂಡದೊಡನೆ ಪೋರ್ಟ್ ಬ್ಲೇರಿನಲ್ಲಿದ್ದ ಭಾರತಿ ಪ್ರಸಾದ್ ಅವರು ಅಂಡಮಾನ್ ದ್ವೀಪಗಳಿಗೂ ಭೂಭಾಗಕ್ಕೂ ನಡುವೆ ಸಂದೇಶಗಳನ್ನು ಮುಟ್ಟಿಸಿದ್ದು ದೇಶವೇ ಬಲ್ಲ ಸಂಗತಿ. ಮನೆಯೊಂದರಿಂದ ಹೊರಟ ಧ್ವನಿ ಎಷ್ಟು ದೂರ ನಿಲ್ಲಬಲ್ಲದು ಎಂಬುದಕ್ಕೆ ಕನ್ನಡಿಗರಲ್ಲೇ ಹಳೆಯ ನಿದರ್ಶನವುಂಟು. 1935ರಲ್ಲಿ ಮೈಸೂರಿನ ಪ್ರಾಧ್ಯಾಪಕ ಎಂ. ವಿ. ಗೋಪಾಲಸ್ವಾಮಿ ಅವರು ತಮ್ಮ ಮನೆಯಲ್ಲಿ ಆರಂಭಿಸಿದ ಪುಟ್ಟ ಬಾನುಲಿ ಕೇಂದ್ರಕ್ಕೆ ‘ಆಕಾಶವಾಣಿ’ ಎಂಬ ಹೆಸರಿತ್ತು. ಮುಂದೆ ಆ ಹೆಸರೇ ಇಡೀ ದೇಶದ ಬಾನುಲಿಯ ಹೆಸರಾಯಿತು.

ಕಾಯಿದೆಯ ಮಾತನ್ನು ಮೊದಲೇ ಹೇಳಿಬಿಡುವುದು ಒಳಿತು. ನಮ್ಮ ದೇಶದಲ್ಲಿ ಹವ್ಯಾಸಿ ರೇಡಿಯೊ ಪ್ರಸಾರಕ್ಕೆ ಕೇಂದ್ರ ಸರ್ಕಾರದ ಪರವಾನಗಿ ಕಡ್ಡಾಯ. 1885ರ ಟೆಲಿಗ್ರಾಫ್ ಕಾಯಿದೆ, 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆಗಳ ಕಾಲದಿಂದಲೂ ಇದೇ ನಿಯಮ. ಅವುಗಳ ಸ್ಥಾನಕ್ಕೆಂದು 2023ರ ದೂರಸಂಪರ್ಕ ಕಾಯಿದೆ ಬಂದಿದೆ. 1978ರ ಹವ್ಯಾಸಿ ಸೇವಾ ನಿಯಮಗಳ ಪ್ರಕಾರ ಪರೀಕ್ಷೆ ಬರೆದು ತೇರ್ಗಡೆಯಾದವರಿಗೆ ಪರವಾನಗಿ ದೊರೆಯುತ್ತಿತ್ತು. ಹನ್ನೆರಡು ವರ್ಷ ತುಂಬಿದ ಮಕ್ಕಳೂ ಆ ಪರೀಕ್ಷೆಗೆ ಅರ್ಹರಾಗಿದ್ದರು. ಶಾಲೆಯ ಮಕ್ಕಳಿಗೆ ಇದು ದೂರದ ಕನಸಲ್ಲ. ಆದರೆ ಪರವಾನಗಿ ಕೈಗೆ ಬರುವ ಮುನ್ನ ಪ್ರಸಾರ ಯಂತ್ರವನ್ನು ಕೊಂಡು ಗುಂಡಿ ಒತ್ತುವುದು ಅಪರಾಧವಾಗುತ್ತದೆ ಎಂಬುದನ್ನು ಪಾಲಕರು ಅರಿತಿರತಕ್ಕದ್ದು.

ಇನ್ನು ಕೇಬಲಿನ ವಿಚಾರ. ಟಿವಿಯ ಡಿಶ್ ಆಂಟೆನಾದಿಂದ ಮನೆಯೊಳಕ್ಕೆ ಬರುವ ಕಪ್ಪು ಅಥವಾ ಬಿಳಿಯ ದುಂಡು ತಂತಿಯನ್ನು ಎಲ್ಲರೂ ನೋಡಿದ್ದಾರೆ. ನಡುವೆ ಒಂದು ಲೋಹದ ತಂತಿ, ಅದರ ಸುತ್ತ ಬಿಳಿಯ ಪ್ಲಾಸ್ಟಿಕ್ ದಿಂಡು, ಅದರ ಮೇಲೆ ಹೆಣೆದ ತಂತಿಜಾಲ, ಎಲ್ಲಕ್ಕೂ ಹೊರಗೆ ಒಂದು ಹೊದಿಕೆ. ಒಳತಂತಿಗೂ ಜಾಲಕ್ಕೂ ಒಂದೇ ಅಕ್ಷ. ಅದಕ್ಕೇ ಕೋಯಾಕ್ಸಿಯಲ್ ಎಂಬ ಹೆಸರು. ಇಂಥ ರಚನೆಗೆ ಇಂಗ್ಲೆಂಡಿನ ಆಲಿವರ್ ಹೆವಿಸೈಡ್ 1880ರಲ್ಲಿಯೇ ಪೇಟೆಂಟ್ ಪಡೆದಿದ್ದರು. ಟಿವಿಯ ಕೇಬಲಿಗೆ 75 ಓಮ್ ಪ್ರತಿರೋಧದ ಲಕ್ಷಣವಿದ್ದರೆ, ಹವ್ಯಾಸಿ ರೇಡಿಯೊದಲ್ಲಿ ಬಳಕೆಯಾಗುವ ಆರ್‌ಜಿ-58, ಆರ್‌ಜಿ-213 ಮುಂತಾದವುಗಳಿಗೆ 50 ಓಮ್. ಈ ವ್ಯತ್ಯಾಸ ಮುಂದೆ ಅಳತೆಯಲ್ಲಿ ತೊಡಕು ತರುವುದರಿಂದ ನೆನಪಿನಲ್ಲಿರಲಿ.

ಕೇಬಲಿನಲ್ಲಿ ನಷ್ಟವಾದ ಶಕ್ತಿ ಬೇರೆಲ್ಲಿಗೂ ಹೋಗುವುದಿಲ್ಲ. ಲೋಹದಲ್ಲಿಯೂ ಪ್ಲಾಸ್ಟಿಕ್ಕಿನಲ್ಲಿಯೂ ಶಾಖವಾಗಿ ಕರಗುತ್ತದೆ. ಅದನ್ನು ಡೆಸಿಬೆಲ್ ಎಂಬ ಮಾನದಿಂದ ಹೇಳುತ್ತಾರೆ. ಲಾಗರಿದಮ್ ಓದದ ಮಕ್ಕಳೂ ನಾಲ್ಕು ಸಂಖ್ಯೆಗಳನ್ನು ನೆನಪಿಟ್ಟರೆ ಸಾಕು. 1 ಡೆಸಿಬೆಲ್ ನಷ್ಟವೆಂದರೆ ಸುಮಾರು ಐದನೇ ಒಂದು ಪಾಲು ಹೋಯಿತು. 3 ಡೆಸಿಬೆಲ್ ಎಂದರೆ ಅರ್ಧ ಉಳಿಯಿತು. 6 ಎಂದರೆ ಕಾಲು ಭಾಗ ಉಳಿಯಿತು. 10 ಎಂದರೆ ಹತ್ತನೇ ಒಂದು ಪಾಲು ಉಳಿಯಿತು. ಆರ್‌ಜಿ-58 ಕೇಬಲು 145 ಮೆಗಾಹರ್ಟ್ಸ್ ಆವರ್ತನದಲ್ಲಿ 100 ಮೀಟರಿಗೆ ಸುಮಾರು 20 ಡೆಸಿಬೆಲ್ ನುಂಗುತ್ತದೆ. ಹಾಗಾದರೆ 30 ಮೀಟರಿಗೆ 6 ಡೆಸಿಬೆಲ್. ಯಂತ್ರ 40 ವ್ಯಾಟ್ ಹೊರಡಿಸಿದರೆ ಆಂಟೆನಾ ತಲುಪುವುದು 10 ವ್ಯಾಟ್ ಮಾತ್ರ. ಅದೇ ಉದ್ದದ ದಪ್ಪನೆಯ ಆರ್‌ಜಿ-213 ಹಾಕಿದರೆ 20 ವ್ಯಾಟಿಗಿಂತ ತುಸು ಹೆಚ್ಚೇ ತಲುಪುತ್ತದೆ. 7 ಮೆಗಾಹರ್ಟ್ಸಿನಲ್ಲಾದರೆ ತೆಳ್ಳನೆಯ ಆರ್‌ಜಿ-58 ಕೂಡ 30 ಮೀಟರಿಗೆ ಒಂದು ಡೆಸಿಬೆಲ್ಲಿನ ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಆವರ್ತನ ಏರಿದಂತೆ ನಷ್ಟವೂ ಏರುತ್ತದೆ. ಪ್ರಸಾರದಲ್ಲಿ ಎಷ್ಟೋ ಗ್ರಹಣದಲ್ಲಿಯೂ ಅಷ್ಟೇ.

ಈ ಲೆಕ್ಕ ಅಂಗಡಿಯವರ ಪಟ್ಟಿಯಲ್ಲಿಯೇ ಇರುವಾಗ ಅಳೆಯುವುದೇಕೆ ಎಂದು ಕೇಳಬಹುದು. ಪಟ್ಟಿಯ ಅಂಕಿ ಹೊಸ, ಒಳ್ಳೆಯ, ಒಣಗಿದ ಕೇಬಲಿಗೆ ಸೇರಿದ್ದು. ಮೂರು ಮಳೆಗಾಲ, ಮೂರು ಬೇಸಿಗೆ ಕಂಡ ಕೇಬಲಿಗೆ ಆ ಅಂಕಿ ಸಾಕ್ಷಿ ಹೇಳಲಾರದು. ಆದಕಾರಣ ಅಳತೆ ಬೇಕು. ಆದರೆ ನ್ಯಾಯಾಲಯದಲ್ಲಿ ಸಾಕ್ಷಿ ನುಡಿದ ಮಾತ್ರಕ್ಕೆ ಅದು ಸತ್ಯವಾಗುವುದಿಲ್ಲ. ಪಾಟೀ ಸವಾಲಿನಲ್ಲಿ ನಿಂತಾಗಲೇ ಬೆಲೆ. ಮೀಟರಿನ ಮುಳ್ಳನ್ನೂ ಹಾಗೆಯೇ ಪ್ರಶ್ನಿಸತಕ್ಕದ್ದು.

ಮೊದಲನೆಯ ವಿಧಾನ ಎಲ್ಲರಿಗೂ ತಿಳಿದದ್ದು: ಕೇಬಲಿನ ಆರಂಭದಲ್ಲಿ ಒಂದು ಪವರ್ ಮೀಟರು, ಕೊನೆಯಲ್ಲಿ ಇನ್ನೊಂದು. ಎರಡರ ಅಂಕಿಗಳನ್ನು ಹೋಲಿಸಿ ನಷ್ಟ ತೆಗೆಯುವುದು. ಇಲ್ಲಿಯೇ ಮೊದಲ ಎಡವಟ್ಟು. ಕೆಲವೊಮ್ಮೆ ಕೊನೆಯ ಮೀಟರು ಮೊದಲಿನದಕ್ಕಿಂತ ಹೆಚ್ಚು ತೋರಿಸುತ್ತದೆ! ತಂತಿ ಶಕ್ತಿಯನ್ನು ಹುಟ್ಟಿಸಲಾರದು, ತಪ್ಪು ಮೀಟರುಗಳಲ್ಲಿದೆ. ಆದೋನಿಯ ಹತ್ತಿ ಮಾರುಕಟ್ಟೆಯಲ್ಲಿ ತುಂಬಿದ ಗಾಡಿಯನ್ನು ಒಂದು ಕಾಟಾದಲ್ಲಿಯೂ ಖಾಲಿ ಗಾಡಿಯನ್ನು ಬೇರೊಂದು ಕಾಟಾದಲ್ಲಿಯೂ ತೂಗಿ ಹತ್ತಿಯ ತೂಕ ಹೇಳಿದರೆ ಯಾವ ರೈತನೂ ಒಪ್ಪುವುದಿಲ್ಲ. ಎರಡಕ್ಕೂ ಒಂದೇ ಕಾಟಾ ಬೇಕು. ಹಾಗೆಯೇ ಒಂದೇ ಮೀಟರನ್ನು ಮೊದಲು ಆರಂಭದಲ್ಲಿ, ಆಮೇಲೆ ಕೊನೆಯಲ್ಲಿ ಇಟ್ಟು ಓದಬೇಕು. ಯಂತ್ರದ ಶಕ್ತಿಯನ್ನು ನಡುವೆ ಬದಲಿಸಬಾರದು. ಆಗ ಮೀಟರು ಶೇಕಡಾ ಇಷ್ಟೆಂದು ಒಂದೇ ಪ್ರಮಾಣದಲ್ಲಿ ತಪ್ಪು ತೋರಿಸುತ್ತಿದ್ದರೂ ಎರಡೂ ಕಡೆ ಅದೇ ತಪ್ಪು ಸೇರಿ, ಭಾಗಾಕಾರದಲ್ಲಿ ಕಳೆದುಹೋಗುತ್ತದೆ.

ಎರಡನೆಯ ಎಡವಟ್ಟು ಮೀಟರಿನ ಅಳತೆಪಟ್ಟಿಯದು. ಅಗ್ಗದ ಮೀಟರುಗಳ ದೋಷವನ್ನು ಪೂರ್ಣ ಅಳತೆಯ ಶೇಕಡಾವಾರು ಎಂದು ಹೇಳಿರುತ್ತಾರೆ. 200 ವ್ಯಾಟಿನ ಪಟ್ಟಿಯಲ್ಲಿ ಶೇಕಡಾ 10 ದೋಷವೆಂದರೆ 20 ವ್ಯಾಟ್. ಅದರ ಮುಳ್ಳು 40 ತೋರಿಸಿದರೆ ನಿಜವಾದ ಶಕ್ತಿ 20ರಿಂದ 60ರವರೆಗೆ ಎಲ್ಲಿಯಾದರೂ ಇರಬಹುದು. ಅಂಥ ಮೀಟರಿನಲ್ಲಿ 40 ಹೋಗಿ 30 ಬಂತೆಂದು ಕೇಬಲನ್ನು ದೂಷಿಸುವುದಕ್ಕೂ ಆಗದು, ಹೊಗಳುವುದಕ್ಕೂ ಆಗದು. ಮುಳ್ಳು ಅಳತೆಪಟ್ಟಿಯ ಮೇಲಿನ ಭಾಗದಲ್ಲಿ ನಿಲ್ಲುವಂಥ ಪಟ್ಟಿಯನ್ನೇ ಆರಿಸಿಕೊಳ್ಳಬೇಕು.

ಮೂರನೆಯದು ಕೊನೆಯ ಹೊರೆ. ಅಳೆಯುವಾಗ ಕೇಬಲಿನ ತುದಿಗೆ ಆಂಟೆನಾವನ್ನು ಸಿಕ್ಕಿಸಿದರೆ, ಅದು ಒಪ್ಪಿಕೊಳ್ಳದ ಶಕ್ತಿ ಹಿಂದಕ್ಕೆ ಬಂದು ಎರಡೂ ಅಂಕಿಗಳನ್ನು ಕೆಡಿಸುತ್ತದೆ. ಆದ್ದರಿಂದ 50 ಓಮ್‌ನ ಡಮ್ಮಿ ಲೋಡನ್ನೇ ಬಳಸಬೇಕು. ಇದರಿಂದ ಇನ್ನೊಂದು ಲಾಭವೂ ಉಂಟು: ಪರೀಕ್ಷೆಯ ಸಂಕೇತ ಗಾಳಿಗೆ ಹೋಗಿ ಇತರರಿಗೆ ತೊಂದರೆ ಕೊಡುವುದಿಲ್ಲ.

ಈಗ ಬಹುಮಂದಿಯ ಕೈಗೆಟುಕುವ ನ್ಯಾನೊ ವಿಎನ್‌ಎ ಎಂಬ ಅಂಗೈಯಗಲದ ಉಪಕರಣ ಬಂದಿದೆ. ಅದು ಅತ್ಯಲ್ಪ ಶಕ್ತಿಯ ಸಂಕೇತವನ್ನು ಕಳಿಸಿ, ಎಷ್ಟು ದಾಟಿತು, ಎಷ್ಟು ಹಿಂದಿರುಗಿತು ಎಂಬುದನ್ನು ಗೆರೆಯಾಗಿ ತೋರಿಸುತ್ತದೆ. ಆದರೆ ಅಳೆಯುವ ಮುನ್ನ ಅದಕ್ಕೆ ಮೂರು ಸಂಗತಿ ತೋರಿಸಬೇಕು: ತೆರೆದ ತುದಿ, ಕೂಡಿಸಿದ ತುದಿ, 50 ಓಮ್ ಹೊರೆ. ದಾಟುವಿಕೆಯನ್ನು ಅಳೆಯುವುದಾದರೆ ಎರಡು ಸಣ್ಣ ತಂತಿಗಳನ್ನು ನೇರವಾಗಿ ಜೋಡಿಸಿಯೂ ತೋರಿಸಬೇಕು. ಇದಕ್ಕೆ ಕ್ಯಾಲಿಬ್ರೇಷನ್ ಎನ್ನುತ್ತಾರೆ. ವ್ಯಾಪಾರಿಯ ತೂಕದ ಕಲ್ಲುಗಳಿಗೆ 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯಂತೆ ಮುದ್ರೆ ಬೇಕಾಗುವಂತೆ, ಇಲ್ಲಿ ಈ ಮೂರು ತುಣುಕುಗಳೇ ಮುದ್ರೆಯ ಕಲ್ಲುಗಳು.

ಉಪಕರಣದ ಅಳತೆ ವಿಚಿತ್ರವಾಗಿ ಬಂದಾಗ ದೋಷ ಬಹುಪಾಲು ಇಲ್ಲಿಯೇ ಇರುತ್ತದೆ. ಆವರ್ತನದ ವ್ಯಾಪ್ತಿಯನ್ನು ಬದಲಿಸಿದ ಮೇಲೆ ಹೊಸದಾಗಿ ಕ್ಯಾಲಿಬ್ರೇಷನ್ ಮಾಡದೆ ಇರುವುದು ಒಂದು. ಉಪಕರಣದ ಬಾಯಿಯಲ್ಲಿಯೇ ಕ್ಯಾಲಿಬ್ರೇಷನ್ ಮುಗಿಸಿ, ಆಮೇಲೆ ಉದ್ದದ ಜೋಡಣೆ ತಂತಿಯನ್ನೂ ಎರಡು ಅಡಾಪ್ಟರುಗಳನ್ನೂ ಸೇರಿಸಿ, ಅವುಗಳ ನಷ್ಟವನ್ನು ಕೇಬಲಿನ ತಲೆಗೆ ಕಟ್ಟುವುದು ಇನ್ನೊಂದು. ಪರೀಕ್ಷೆ ಸುಲಭ. ಕ್ಯಾಲಿಬ್ರೇಷನ್ ಮುಗಿದ ಮೇಲೆ ಎರಡು ತಂತಿಗಳನ್ನು ಮತ್ತೆ ನೇರ ಜೋಡಿಸಿದರೆ ಗೆರೆ ಸೊನ್ನೆಯ ಮೇಲೆ ನಿಲ್ಲಬೇಕು. 10 ಡೆಸಿಬೆಲ್ ಎಂದು ಗುರುತಿರುವ ಅಟೆನ್ಯುಯೇಟರನ್ನು ನಡುವೆ ಇಟ್ಟರೆ 10ನ್ನೇ ತೋರಿಸಬೇಕು. ತಿಳಿದ ವಸ್ತುವನ್ನು ಸರಿಯಾಗಿ ಹೇಳದ ಸಾಕ್ಷಿ ತಿಳಿಯದ ವಸ್ತುವಿನ ಬಗ್ಗೆ ಹೇಳಿದ್ದನ್ನು ನಂಬುವುದೆಂತು?

ಕೇಬಲಿನ ಕೊನೆ ಕಂಬದ ಮೇಲಿದ್ದು, ಎರಡೂ ತುದಿಗಳನ್ನು ಉಪಕರಣದ ಬಳಿಗೆ ತರಲಾಗದಿದ್ದರೆ ಮತ್ತೊಂದು ದಾರಿಯಿದೆ. ಮೇಲಿನ ತುದಿಯಿಂದ ಆಂಟೆನಾವನ್ನು ಬಿಚ್ಚಿ ತೆರೆದಿಟ್ಟರೆ, ಕಳಿಸಿದ ಸಂಕೇತ ಆ ತುದಿಯನ್ನು ಮುಟ್ಟಿ ಪೂರ್ತಿಯಾಗಿ ಹಿಂದಿರುಗುತ್ತದೆ. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಹೀಗೆ ಎರಡು ಸಲ ನಷ್ಟ ತೆರುತ್ತದೆ. ಆದ್ದರಿಂದ ಉಪಕರಣ ತೋರಿಸಿದ ರಿಟರ್ನ್ ಲಾಸ್ ಅಂಕಿಯ ಅರ್ಧವೇ ಕೇಬಲಿನ ನಷ್ಟ. 12 ಎಂದು ತೋರಿಸಿದರೆ ನಷ್ಟ 6 ಡೆಸಿಬೆಲ್. ಅರ್ಧ ಮಾಡುವುದನ್ನು ಮರೆತು, ಒಳ್ಳೆಯ ಕೇಬಲನ್ನು ಕಿತ್ತೆಸೆಯುವವರುಂಟು. ತುದಿಯನ್ನು ಕೂಡಿಸಿಯೂ ಒಮ್ಮೆ ಅಳೆದು, ಎರಡರ ಸರಾಸರಿ ತೆಗೆದರೆ ಫಲ ಇನ್ನಷ್ಟು ನಂಬಿಕೆಗೆ ಅರ್ಹ.

ಈ ಲೆಕ್ಕದಲ್ಲಿಯೇ ಒಂದು ದೊಡ್ಡ ಅಪಾಯದ ಸುಳಿವಿದೆ. ಎಸ್‌ಡಬ್ಲ್ಯುಆರ್ ಎಂಬ ಅನುಪಾತ ಕಡಿಮೆಯಿದ್ದರೆ ಆಂಟೆನಾ ಚೆನ್ನಾಗಿದೆ ಎಂದು ಎಲ್ಲರೂ ನಂಬುತ್ತಾರೆ. 6 ಡೆಸಿಬೆಲ್ ನಷ್ಟದ ಕೇಬಲಿನ ತುದಿಯಲ್ಲಿ ಆಂಟೆನಾ ಗಾಳಿಗೆ ಮುರಿದುಬಿದ್ದು ಏನೂ ಇಲ್ಲವೆಂದು ಊಹಿಸೋಣ. ಹಿಂದಿರುಗುವ ಶಕ್ತಿ ದಾರಿಯಲ್ಲಿಯೇ ಕರಗುವುದರಿಂದ ಕೆಳಗಿನ ಮೀಟರು ತೋರಿಸುವ ಅನುಪಾತ ಸುಮಾರು 1.7 ಮಾತ್ರ! ಆಂಟೆನಾವೇ ಇಲ್ಲದಿದ್ದರೂ ಎಲ್ಲ ಸುಸೂತ್ರವೆಂಬ ವರದಿ. ಪ್ರವಾಹದ ದಿನ ಅಂಥ ನಿಲ್ದಾಣವನ್ನು ನಂಬಿ ಕುಳಿತವರ ಕರೆ ಯಾರಿಗೂ ಕೇಳಿಸದು. ಹಳೆಯದಾದಂತೆ ಕೇಬಲಿನ ಎಸ್‌ಡಬ್ಲ್ಯುಆರ್ ತಾನಾಗಿ ಸುಧಾರಿಸಿದರೆ ಸಂತೋಷಪಡದೆ ಸಂಶಯಪಡಬೇಕು.

ಉಪಕರಣ ಸರಿಯಿದೆಯೆಂದು ಖಚಿತವಾದ ಮೇಲೂ ನಷ್ಟ ಪಟ್ಟಿಯ ಅಂಕಿಗಿಂತ ಹೆಚ್ಚಿದ್ದರೆ, ಅದು ಆವರ್ತನದೊಡನೆ ಹೇಗೆ ಬದಲಾಗುತ್ತದೆ ಎಂಬುದೇ ರೋಗದ ನಾಡಿ. ಆರೋಗ್ಯವಂತ ಕೇಬಲಿನಲ್ಲಿ ಆವರ್ತನ ನಾಲ್ಕು ಪಟ್ಟಾದರೆ ನಷ್ಟ ಸುಮಾರು ಎರಡು ಪಟ್ಟಾಗುತ್ತದೆ. 7 ಮೆಗಾಹರ್ಟ್ಸಿನಲ್ಲಿ 1.2 ಇದ್ದದ್ದು 28ರಲ್ಲಿ 2.4ರ ಆಸುಪಾಸು ಇರಬೇಕು. ಮೇಲಿನ ಆವರ್ತನಗಳಲ್ಲಿ ಇದಕ್ಕಿಂತ ಬಹಳ ಕಡಿದಾಗಿ ಏರಿದರೆ ಕೇಬಲಿನೊಳಗೆ ನೀರು ಸೇರಿರುವ ಸಂಭವ ಹೆಚ್ಚು. ತೀರ ಕಡಿಮೆ ಆವರ್ತನದಲ್ಲಿಯೂ ನಷ್ಟ ಇಳಿಯದೆ ನಿಂತರೆ ಕನೆಕ್ಟರಿನ ಬೆಸುಗೆ ಕೆಟ್ಟಿರಬಹುದು. ಕೇಬಲನ್ನು ಅಲ್ಲಾಡಿಸಿದಾಗ ಗೆರೆ ಕುಣಿದರೆ ದೋಷ ಕನೆಕ್ಟರಿನಲ್ಲಿಯೇ. ಗೆರೆ ಅಲೆಯಲೆಯಾಗಿ ಏರಿಳಿದರೆ ಪ್ರತಿರೋಧ ಹೊಂದಿಲ್ಲ. 75 ಓಮ್‌ನ ಟಿವಿ ಕೇಬಲನ್ನು 50 ಓಮ್‌ನ ಉಪಕರಣದಲ್ಲಿ ಅಳೆದಾಗ ಸುಮಾರು 0.7 ಡೆಸಿಬೆಲ್‌ವರೆಗಿನ ಇಂಥ ಅಲೆ ಸಹಜ, ಅದು ಕೇಬಲಿನ ದೋಷವಲ್ಲ.

ಮತ್ತೊಂದು ವಿಚಿತ್ರ ಪ್ರಸಂಗವುಂಟು: 145 ಮೆಗಾಹರ್ಟ್ಸಿನಲ್ಲಿ ಅಳತೆ ಪಟ್ಟಿಗೆ ಸರಿಹೊಂದುತ್ತದೆ, 7ರಲ್ಲಿ ಮಾತ್ರ ನಷ್ಟ ಹೆಚ್ಚು. ಇದಕ್ಕೆ ಕಾರಣ ಒಳತಂತಿ. ಟಿವಿಯ ಹಲವು ಕೇಬಲುಗಳಲ್ಲಿ ನಡುವಿನ ತಂತಿ ಉಕ್ಕು, ಮೇಲೆ ತಾಮ್ರದ ಲೇಪ. ಹೆಚ್ಚಿನ ಆವರ್ತನದ ವಿದ್ಯುತ್ತು ತಂತಿಯ ಮೈಮೇಲಷ್ಟೇ ಹರಿಯುತ್ತದೆ. 145ರಲ್ಲಿ ತಾಮ್ರದಲ್ಲಿ ಅದರ ಆಳ ಒಂದು ಮಿಲಿಮೀಟರಿನ ಸಾವಿರದ ಐದಾರು ಪಾಲು. 7ರಲ್ಲಿ ಅದು ಸಾವಿರದ ಇಪ್ಪತ್ತೈದು ಪಾಲಿಗೆ ಏರುತ್ತದೆ. ಲೇಪ ತೆಳುವಾಗಿದ್ದರೆ ವಿದ್ಯುತ್ತು ಉಕ್ಕಿನೊಳಕ್ಕೆ ಇಳಿದು ಶಕ್ತಿ ಹಾಳಾಗುತ್ತದೆ. ಕೊಳ್ಳುವಾಗ ಒಂದು ಸಣ್ಣ ಅಯಸ್ಕಾಂತವನ್ನು ಒಳತಂತಿಯ ಬಳಿ ಹಿಡಿದರೆ ಸಾಕು. ಅಂಟಿಕೊಂಡರೆ ಅದು ಉಕ್ಕು. ಚಾಕುವಿನಿಂದ ಕೆರೆದಾಗ ಒಳಗೆ ಬೆಳ್ಳಗೆ ಕಂಡು, ಅಯಸ್ಕಾಂತಕ್ಕೆ ಅಂಟದಿದ್ದರೆ ಅಲ್ಯೂಮಿನಿಯಂ ಎಂದು ಶಂಕಿಸಬಹುದು.

ದುಬಾರಿ ಉಪಕರಣವಿಲ್ಲದ ಶಾಲೆಗೆ ಮಲ್ಟಿಮೀಟರೂ ಒಂದಿಷ್ಟು ಹೇಳಬಲ್ಲದು. ಎರಡೂ ತುದಿಗಳನ್ನು ಬಿಚ್ಚಿ ಒಳತಂತಿಗೂ ಜಾಲಕ್ಕೂ ನಡುವೆ ಅಳೆದರೆ ಯಾವ ಸಂಪರ್ಕವೂ ಕಾಣಬಾರದು. ಕಂಡರೆ ತೇವ ಅಥವಾ ಜಾಲದ ಒಂದು ಎಳೆ ಒಳಗೆ ತಾಗಿದೆ. ದೂರದ ತುದಿಯನ್ನು ಕೂಡಿಸಿ ಅಳೆದರೆ 30 ಮೀಟರ್ ಆರ್‌ಜಿ-58ಕ್ಕೆ ಒಂದೂವರೆ ಓಮ್ ಆಸುಪಾಸು ಬರಬೇಕು. ಮೀಟರಿನ ಸ್ವಂತ ತಂತಿಗಳ ಪ್ರತಿರೋಧವನ್ನು ಮೊದಲು ಕಳೆಯಬೇಕು. ಹಲವು ಓಮ್ ಬಂದರೆ ಬೆಸುಗೆಯನ್ನೋ ತುಕ್ಕು ಹಿಡಿದ ಜಾಲವನ್ನೋ ನೋಡಬೇಕು. ಆದರೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಮಾತ್ರಕ್ಕೆ ರೇಡಿಯೊ ಆವರ್ತನದಲ್ಲಿ ಕೇಬಲು ಸರಿಯಿದೆ ಎಂದು ತೀರ್ಪು ಕೊಡಲಾಗದು.

ನೀರೇ ಈ ಎಲ್ಲ ರೋಗಗಳ ಮೂಲ. ಪಿಎಲ್-259 ಎಂಬ ಸಾಮಾನ್ಯ ಕನೆಕ್ಟರು ಮಳೆಯನ್ನು ತಡೆಯುವುದಿಲ್ಲ. ಅಲ್ಲಿಂದ ಒಳಹೊಕ್ಕ ನೀರು ಹೆಣೆದ ಜಾಲದ ಸಂದಿನಲ್ಲಿ ಬತ್ತಿಯಲ್ಲಿ ಎಣ್ಣೆ ಏರಿದಂತೆ ದೂರದವರೆಗೂ ಹಬ್ಬುತ್ತದೆ. ತುದಿಯನ್ನು ಕತ್ತರಿಸಿ ನೋಡಿದಾಗ ಜಾಲ ಹೊಳೆಯದೆ ಕಪ್ಪಾಗಿಯೋ ಹಸಿರಾಗಿಯೋ ಕಂಡರೆ, ಹೊಳಪಿನ ಲೋಹ ಸಿಗುವವರೆಗೆ ಕತ್ತರಿಸಬೇಕು. ಸಿಗದಿದ್ದರೆ ಇಡೀ ಕೇಬಲನ್ನೇ ಬಿಡಬೇಕು. ಹೊಸ ಕನೆಕ್ಟರಿನ ಮೇಲೆ ತನ್ನಷ್ಟಕ್ಕೆ ತಾನೇ ಬೆಸೆದುಕೊಳ್ಳುವ ರಬ್ಬರ್ ಟೇಪನ್ನು ಎಳೆದು ಸುತ್ತಿ, ಅದರ ಮೇಲೆ ಸಾಮಾನ್ಯ ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಬೇಕು, ಹೆಂಚು ಹೊದಿಸಿದಂತೆ. ಕಿಟಕಿಯ ಬಳಿ ಕೇಬಲು ಒಮ್ಮೆ ಕೆಳಗೆ ಬಾಗಿ ಮೇಲೇರಲಿ. ಹನಿ ಅಲ್ಲಿಯೇ ತೊಟ್ಟಿಕ್ಕುತ್ತದೆ. ಕಂಬವನ್ನು ಎತ್ತುವಾಗ ವಿದ್ಯುತ್ ತಂತಿಗಳಿಂದ ದೂರವಿರುವುದು, ಮಕ್ಕಳೊಡನೆ ದೊಡ್ಡವರು ಇರುವುದು ಇವೆರಡಕ್ಕೂ ವಿನಾಯಿತಿ ಇಲ್ಲ.

ಶಾಲೆಯಲ್ಲಿ ಇದನ್ನು ಪ್ರಯೋಗವಾಗಿ ನಡೆಸುವವರು ಒಂದು ದಾಖಲೆ ಪುಸ್ತಕ ಇಡಲಿ. ಕೇಬಲಿನ ಹೆಸರು, ಉದ್ದ, ಆವರ್ತನ, ನಿರೀಕ್ಷಿತ ನಷ್ಟ, ಅಳೆದ ನಷ್ಟ, ಬಳಸಿದ ಉಪಕರಣ, ದಿನಾಂಕ. ನಿರೀಕ್ಷೆಯನ್ನು ಅಳೆಯುವ ಮುನ್ನವೇ ಬರೆದಿಡುವುದು ಮುಖ್ಯ. ಆಮೇಲೆ ಬರೆದರೆ ಮನಸ್ಸು ಬಂದ ಅಂಕಿಗೆ ಕಾರಣ ಹೊಂದಿಸುತ್ತದೆ. ಪ್ರತಿ ವರ್ಷ ಮುಂಗಾರಿನ ಮುಂಚೆ ಒಮ್ಮೆ, ಹಿಂಗಾರು ಮುಗಿದ ಮೇಲೆ ಒಮ್ಮೆ ಅಳೆದರೆ, ಯಾವ ಮಳೆಯಲ್ಲಿ ನೀರು ಹೊಕ್ಕಿತೆಂಬುದನ್ನು ಪುಸ್ತಕವೇ ಹೇಳುತ್ತದೆ. ಹೊಳೆ ಉಕ್ಕಿದ ರಾತ್ರಿ ಕೇಬಲನ್ನು ಅಳೆಯಲು ಯಾರಿಗೂ ಪುರುಸೊತ್ತಿರುವುದಿಲ್ಲ. ಆ ಕೆಲಸಕ್ಕೆ ಒಣ ದಿನಗಳೇ ಸರಿಯಾದ ಕಾಲ.